ಗಣ್ಯರ ಬೀದಿಯ ಕೊಲೆಗಳು

ಇಂಗ್ಲಿಷಿನ ಪತ್ತೇದಾರಿ ಕಾದಂಬರಿ ಎಲ್ಲಿ ಹುಟ್ಟಿತೆಂದು ಕೇಳಿದರೆ ಯಾರಾದರೂ ಲಂಡನ್ ಎಂದಾರು. ಬೇಕರ್ ಸ್ಟ್ರೀಟು, ದಟ್ಟ ಮಂಜು, ಕುದುರೆಗಾಡಿಯ ಟಪಟಪ ಸದ್ದು ಎಲ್ಲ ಒಟ್ಟಿಗೇ ನೆನಪಾಗುತ್ತವೆ. ಆದರೆ ಆ ಪ್ರಕಾರಕ್ಕೆ ತಳಪಾಯ ಹಾಕಿತೆಂದು ಹೇಳಲಾಗುವ ವಿಲ್ಕಿ ಕಾಲಿನ್ಸನ 'ದಿ ಮೂನ್‌ಸ್ಟೋನ್' (1868) ಕಾದಂಬರಿ ತೆರೆದುಕೊಳ್ಳುವುದು ಶ್ರೀರಂಗಪಟ್ಟಣದಲ್ಲಿ! 1799ರ ಮೇ 4. ಕೋಟೆ ಬಿದ್ದಿದೆ. ಟಿಪ್ಪುವಿನ ಅರಮನೆಯಲ್ಲಿ ಲೂಟಿ ನಡೆದಿದೆ. ಶಸ್ತ್ರಾಗಾರದ ಬಾಗಿಲಲ್ಲಿ ಇಬ್ಬರು ಭಾರತೀಯರ ಹೆಣ, ಒಳಗೆ ಸಾಯುತ್ತಿರುವ ಮೂರನೆಯವನು. ಅವನೆದುರು ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ಸೋರುವ ಬಾಕು ಹಿಡಿದು ನಿಂತ ಇಂಗ್ಲಿಷ್ ಅಧಿಕಾರಿ. ಬಾಕಿನ ಹಿಡಿಯಲ್ಲಿ ಹಳದಿ ವಜ್ರ.

ಆ ವಜ್ರ ಮುಂದೆ ಇಂಗ್ಲೆಂಡಿನ ಮರ್ಯಾದಸ್ಥ ಮನೆಯೊಂದಕ್ಕೆ ಹುಟ್ಟುಹಬ್ಬದ ಉಡುಗೊರೆಯಾಗಿ ಹೋಗುತ್ತದೆ. ಅದೇ ರಾತ್ರಿ ಕಾಣೆಯಾಗುತ್ತದೆ. ಎಲ್ಲರ ಕಣ್ಣೂ ಬೀಳುವುದು ಊರಿಗೆ ಬಂದ ಮೂವರು ಭಾರತೀಯ ಜಾದೂಗಾರರ ಮೇಲೆ, ಆಮೇಲೆ ಮನೆಗೆಲಸದ ಹುಡುಗಿಯ ಮೇಲೆ. ಕಳ್ಳ ಯಾರೆಂದು ಹೇಳಿದರೆ ಓದುವ ಸುಖ ಕೆಡುತ್ತದೆ. ಅವನು ಜಾದೂಗಾರನೂ ಅಲ್ಲ, ಕೆಲಸದವನೂ ಅಲ್ಲ ಎಂದಷ್ಟು ಹೇಳಿದರೆ ತಪ್ಪಿಲ್ಲ.

ಕಾಲಿನ್ಸ್ ಇದನ್ನು ಗಾಳಿಯಿಂದ ಹಿಡಿದು ತಂದದ್ದಲ್ಲ. ಎಂಟು ವರ್ಷ ಮೊದಲು, 1860ರ ಜೂನ್ ಕೊನೆಯ ಒಂದು ರಾತ್ರಿ, ವಿಲ್ಟ್‌ಷೈರಿನ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷವೂ ತುಂಬದ ಗಂಡುಮಗು ತೊಟ್ಟಿಲಿನಿಂದ ಮಾಯವಾಯಿತು. ಬೆಳಿಗ್ಗೆ ಸಿಕ್ಕಿದ್ದು ಹಿತ್ತಲ ಪಾಯಿಖಾನೆಯಲ್ಲಿ, ಕತ್ತು ಕೊಯ್ದ ಸ್ಥಿತಿಯಲ್ಲಿ. ಮನೆಯ ಬಾಗಿಲುಗಳು ಒಳಗಿನಿಂದ ಭದ್ರವಾಗಿದ್ದವು. ಯಜಮಾನ ಸ್ಯಾಮ್ಯುಯೆಲ್ ಕೆಂಟ್ ಸರ್ಕಾರಿ ಕಾರ್ಖಾನೆ ತನಿಖಾಧಿಕಾರಿ. ಸತ್ತ ಮಗು ಅವನ ಎರಡನೇ ಹೆಂಡತಿಯದು. ಆ ಎರಡನೇ ಹೆಂಡತಿ ಹಿಂದೆ ಅದೇ ಮನೆಯಲ್ಲಿ ಮೊದಲ ಹೆಂಡತಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಮನೆಯೊಳಗಿನ ನೋವು ಎಷ್ಟು ಆಳದ್ದೆಂದು ಊಹಿಸಲು ಇಷ್ಟು ಸಾಕು.

ಸ್ಥಳೀಯ ಪೊಲೀಸರು ಆಯಾಳನ್ನು ಹಿಡಿದು ಕೂತರು. ಆಗ ಲಂಡನ್ನಿನಿಂದ ಬಂದವನು ಜಾನಥನ್ ವಿಚರ್, ಸ್ಕಾಟ್ಲೆಂಡ್ ಯಾರ್ಡು 1842ರಲ್ಲಿ ಮೊದಲ ಬಾರಿಗೆ ಪತ್ತೇದಾರರ ದಳ ಕಟ್ಟಿದಾಗ ಆಯ್ದ ಎಂಟು ಮಂದಿಯಲ್ಲಿ ಒಬ್ಬ. ಅಗಸಗಿತ್ತಿಯ ಲೆಕ್ಕ ನೋಡಿದ, ಮನೆಮಗಳ ಮೂರು ನಿಲುವಂಗಿಗಳಲ್ಲಿ ಒಂದು ಇಲ್ಲದ್ದನ್ನು ಕಂಡ, ಹದಿನಾರರ ಕಾನ್‌ಸ್ಟನ್ಸ್ ಕೆಂಟಳನ್ನು ಬಂಧಿಸಿದ. ಇಡೀ ದೇಶ ಅವನ ಮೇಲೆ ಬಿತ್ತು. ಮಗುವಿನ ಕೊಲೆಗಿಂತ ಜನರಿಗೆ ಸಿಟ್ಟು ಬಂದದ್ದು ಕೆಳವರ್ಗದಿಂದ ಬಂದ ಪೊಲೀಸನೊಬ್ಬ ಸಭ್ಯ ಮನೆತನದ ಕನ್ಯೆಯ ಒಳಬಟ್ಟೆ ಎಣಿಸಿದ್ದಕ್ಕೆ! ಹುಡುಗಿ ಬಿಡುಗಡೆಯಾದಳು. ವಿಚರನ ಹೆಸರು ಮಣ್ಣುಪಾಲಾಯಿತು. 1864ರಲ್ಲಿ ಅವಧಿಗೆ ಮುಂಚೆಯೇ ನೌಕರಿ ಬಿಟ್ಟ. ಮರುವರ್ಷ ಕಾನ್‌ಸ್ಟನ್ಸ್ ತಾನಾಗಿಯೇ ಲಂಡನ್ನಿಗೆ ಬಂದು ತಪ್ಪೊಪ್ಪಿಕೊಂಡಳು. ನೇಣು ಜೀವಾವಧಿಗೆ ಇಳಿಯಿತು. ಇಪ್ಪತ್ತು ವರ್ಷ ಸೆರೆಯಲ್ಲಿದ್ದು 1885ರಲ್ಲಿ ಹೊರಬಂದಳು.

'ಮೂನ್‌ಸ್ಟೋನ್' ಓದಿದವರಿಗೆ ಆ ನಿಲುವಂಗಿ ಗೊತ್ತು. ರಕ್ತದ ಕಲೆಯ ಬದಲು ಕಾಲಿನ್ಸ್ ಅದಕ್ಕೆ ಬಾಗಿಲ ಬಣ್ಣ ಹಚ್ಚಿದ, ಅಷ್ಟೆ. ವಿಚರ್ ಅಲ್ಲಿ ಗುಲಾಬಿ ಗಿಡಗಳ ಹುಚ್ಚಿನ ಸಾರ್ಜೆಂಟ್ ಕಫ್ ಆದ. ಅವನೂ ಮನೆಮಗಳನ್ನೇ ಶಂಕಿಸುತ್ತಾನೆ, ಅವನನ್ನೂ ಮನೆಯೊಡತಿ ಹಣ ಕೊಟ್ಟು ಸಾಗಹಾಕುತ್ತಾಳೆ. 2008ರಲ್ಲಿ ಕೇಟ್ ಸಮ್ಮರ್‌ಸ್ಕೇಲ್ ವಿಚರನ ಕಥೆಯನ್ನು ದಾಖಲೆಗಳ ಆಧಾರದಿಂದ ಬರೆದ ಪುಸ್ತಕ ಸ್ಯಾಮ್ಯುಯೆಲ್ ಜಾನ್ಸನ್ ಪ್ರಶಸ್ತಿ ಪಡೆಯಿತು. ಕಾದಂಬರಿಗಿಂತ ಬಿಗಿಯಾದ ಪುಸ್ತಕ ಅದು.

ಷರ್ಲಾಕ್ ಹೋಮ್ಸ್ ಬಂದದ್ದು ಆಮೇಲೆ, 1887ರಲ್ಲಿ. ಹೋಮ್ಸ್ ಬರುತ್ತಾನೆ, ಬೂದಿಯನ್ನು ಮೂಸುತ್ತಾನೆ, ಬೂಟಿನ ಮಣ್ಣು ನೋಡುತ್ತಾನೆ, ಅಪರಾಧಿಯನ್ನು ತೋರಿಸಿ ಪಿಟೀಲು ಬಾರಿಸಲು ಮನೆಗೆ ಹೋಗುತ್ತಾನೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸ ಓದಿ ಬೆಳೆದವರಿಗೂ ಈ ಸುಖ ಪರಿಚಿತವೇ. ಆದರೆ ಅವನು ಹೋದ ಮೇಲೆ ಆ ಮನೆಯಲ್ಲಿ ಏನಾಯಿತು? ತನಿಖೆಯ ಮೂರು ವಾರಗಳಲ್ಲಿ ಅಪ್ಪನ ಗುಟ್ಟು ಮಗಳಿಗೆ, ಗಂಡನ ಗುಟ್ಟು ಹೆಂಡತಿಗೆ ಗೊತ್ತಾಗಿಬಿಟ್ಟಿರುತ್ತದಲ್ಲ, ಅವರು ಮುಂದೆ ಒಂದೇ ಮೇಜಿಗೆ ಕೂತು ಊಟ ಮಾಡುವುದು ಹೇಗೆ?

ಈ ಪ್ರಶ್ನೆಯನ್ನು ಹಿಡಿದು ನಲವತ್ತಕ್ಕೂ ಹೆಚ್ಚು ವರ್ಷ ಕಾದಂಬರಿ ಬರೆದವರು ಆ್ಯನ್ ಪೆರಿ. ಅವರಿಗಿಂತ ಮೊದಲು ಪೀಟರ್ ಲವ್ಸಿ 1970ರಲ್ಲೇ ಸಾರ್ಜೆಂಟ್ ಕ್ರಿಬ್‌ನನ್ನು ವಿಕ್ಟೋರಿಯಾ ಕಾಲದ ಲಂಡನ್ನಿಗೆ ಇಳಿಸಿದ್ದರು. ಲವ್ಸಿಯವರ ಪುಸ್ತಕಗಳಲ್ಲಿ ತಮಾಷೆ ಉಂಟು, ಓಟದ ಪಂದ್ಯ, ಸಂಗೀತಶಾಲೆಗಳ ಗದ್ದಲ ಉಂಟು. ಪೆರಿಯವರಲ್ಲಿ ತಮಾಷೆ ಕಡಿಮೆ. ಅಲ್ಲಿರುವುದು ಭಯ.

ಮೊದಲ ಕಾದಂಬರಿ 'ದಿ ಕೇಟರ್ ಸ್ಟ್ರೀಟ್ ಹ್ಯಾಂಗ್‌ಮನ್' ಬಂದದ್ದು 1979ರಲ್ಲಿ. ಜಾಕ್ ದಿ ರಿಪ್ಪರ್ ಯಾರಿದ್ದಿರಬಹುದು ಎಂದು ಮಲತಂದೆ ಆಡಿದ ಮಾತೊಂದು ಅದಕ್ಕೆ ಬೀಜವಾಯಿತಂತೆ. ಕಥೆ ನಡೆಯುವುದು 1881ರಲ್ಲಿ. ಲಂಡನ್ನಿನ ಸಭ್ಯ ಬಡಾವಣೆಯ ಒಂದು ಬೀದಿಯಲ್ಲಿ ಎಳೆಯ ಹೆಣ್ಣುಗಳನ್ನು ಯಾರೋ ತಂತಿ ಬಿಗಿದು ಕೊಲ್ಲುತ್ತಿದ್ದಾರೆ. ಆ ಬೀದಿಯ ಎಲಿಸನ್ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಹೆಂಗಸರು ಪತ್ರಿಕೆ ಓದಕೂಡದೆಂಬುದು ಅಪ್ಪನ ಕಟ್ಟಪ್ಪಣೆ. ಎರಡನೆಯವಳು ಷಾರ್ಲೆಟ್ ಕದ್ದು ಓದುತ್ತಾಳೆ. ಕೊಲೆಗಳು ನಡೆದಾಗಲೆಲ್ಲ ಮನೆಯ ಗಂಡಸರು ಆ ಹೊತ್ತಿಗೆ ಎಲ್ಲಿದ್ದರೆಂದು ಪೊಲೀಸರು ಕೇಳುತ್ತಾರೆ. ಗಂಡಸರು ತಡವರಿಸುತ್ತಾರೆ. ಸುಳ್ಳು ಹೇಳುತ್ತಾರೆ. ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಳಗೊಳಗೇ ಲೆಕ್ಕ ಹಾಕತೊಡಗುತ್ತಾರೆ. ಆ ರಾತ್ರಿ ಇವರು ಕ್ಲಬ್ಬಿನಿಂದ ಎಷ್ಟು ಹೊತ್ತಿಗೆ ಬಂದರು? ಕೊಲೆಗಾರ ಇವರೇ ಇದ್ದರೆ? ಅಲ್ಲದಿದ್ದರೆ ಸುಳ್ಳೇಕೆ? ಸುಳ್ಳಿನ ಹಿಂದೆ ಇದ್ದದ್ದು ಕೊಲೆಯಲ್ಲ, ಇನ್ನೊಂದು ಸಂಸಾರ ಎಂದು ತಿಳಿದಾಗ ಹೆಂಡತಿಗೆ ನೆಮ್ಮದಿಯಾಗಬೇಕೆ, ಎದೆಯೊಡೆಯಬೇಕೆ? ಕೊಲೆಗಾರ ಯಾರೆಂಬುದು ಮರೆತರೂ ಈ ಪುಟಗಳು ಮರೆಯುವುದಿಲ್ಲ.

ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಥಾಮಸ್ ಪಿಟ್ ದೊಡ್ಡ ಎಸ್ಟೇಟಿನ ಬೇಟೆಗಾವಲುಗಾರನ ಮಗ. ಯಜಮಾನನ ಮಗನ ಜೊತೆ ಕೂತು ಪಾಠ ಕಲಿತದ್ದರಿಂದ ಮಾತು ಮಾತ್ರ ದೊಡ್ಡ ಮನೆಯವರದು. ಅಪ್ಪ ಸುಳ್ಳು ಆರೋಪಕ್ಕೆ ಗುರಿಯಾಗಿ ಕಡಲಾಚೆಗೆ ಗಡೀಪಾರಾದವನು. ಕೋಟಿನ ಜೇಬುಗಳಲ್ಲಿ ಹಗ್ಗ, ಕಾಗದ, ಸಿಕ್ಕಿದ್ದೆಲ್ಲ ತುರುಕಿಕೊಂಡ ಈ ಕೆದರುಗೂದಲ ಮನುಷ್ಯನನ್ನು ಷಾರ್ಲೆಟ್ ಮದುವೆಯಾಗುತ್ತಾಳೆ. ಅಲ್ಲಿಂದಾಚೆಗೆ ಮೂವತ್ತಕ್ಕೂ ಹೆಚ್ಚು ಕಾದಂಬರಿಗಳು. ಪಿಟ್ ಹಿಂಬಾಗಿಲಿನಿಂದ ಹೋಗಿ ಅಡಿಗೆಮನೆಯವರನ್ನು ವಿಚಾರಿಸುತ್ತಾನೆ. ಷಾರ್ಲೆಟ್ ತಂಗಿಯ ರೇಷ್ಮೆ ಗೌನು ಎರವಲು ತೊಟ್ಟು ಮುಂಬಾಗಿಲಿನಿಂದ ಚಹಾಕೂಟಕ್ಕೆ ಹೋಗುತ್ತಾಳೆ. ಈ ಎರಡು ಬಾಗಿಲುಗಳ ನಡುವೆ ಎಷ್ಟು ದೂರ ಎಂಬುದನ್ನು ಅಳೆಯುವುದೇ ಪೆರಿಯವರ ಕಸುಬು.

ಎರಡನೆಯ ಪುಸ್ತಕ 'ಕ್ಯಾಲಂಡರ್ ಸ್ಕ್ವೇರ್' ನೋಡಿ. ಗಣ್ಯರ ಮನೆಗಳು ಸುತ್ತುವರಿದ ಉದ್ಯಾನದಲ್ಲಿ ಗಿಡ ನೆಡಲು ಅಗೆದರೆ ಎರಡು ಹಸುಗೂಸುಗಳ ಅವಶೇಷ. ಚೌಕದ ಮನೆಗಳೆಲ್ಲ ಒಂದೇ ದನಿಯಲ್ಲಿ ಹೇಳುತ್ತವೆ: ಯಾವಳೋ ಕೆಲಸದವಳದಿರಬೇಕು. ಅಲ್ಲಿಗೆ ವಿಷಯ ಮುಗಿಯಬೇಕು. ಆ ಕಾಲದಲ್ಲಿ ಮನೆಗೆಲಸದ ಹುಡುಗಿ ಬಸಿರಾದರೆ ಗುಣನಡತೆಯ ಪತ್ರವಿಲ್ಲದೆ ಬೀದಿಗೆ ಬೀಳುತ್ತಿದ್ದಳು. ಪತ್ರವಿಲ್ಲದೆ ಇನ್ನೊಂದು ಮನೆಯಲ್ಲಿ ಕೆಲಸವಿಲ್ಲ. 1834ರ ಬಡವರ ಕಾಯಿದೆ ಅಕ್ರಮ ಸಂತಾನದ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿತ್ತು. ಮುಂದಿನ ದಾರಿ ಬಡವರ ದುಡಿಮೆಮನೆ, ಇಲ್ಲವೇ ಸೂಳೆಗೇರಿ, ಇಲ್ಲವೇ ವಾರಕ್ಕಿಷ್ಟು ಎಂದು ಹಣ ಪಡೆದು ಕೂಸು ಸಾಕುವ ಹೆಂಗಸರ ಮನೆ. ಆ ಸಾಕುಮನೆಗಳಲ್ಲಿ ಏನು ನಡೆಯುತ್ತಿತ್ತೆಂಬುದು 1896ರಲ್ಲಿ ಅಮೀಲಿಯಾ ಡಯರ್ ಎಂಬಾಕೆಯ ಕೊರಳಿಗೆ ನೇಣು ಬಿದ್ದಾಗ ದೇಶಕ್ಕೆಲ್ಲ ತಿಳಿಯಿತು. ಥೇಮ್ಸ್ ನದಿಯಲ್ಲಿ ಕೂಸುಗಳ ಹೆಣ ತೇಲಿದ್ದವು.

'ಬ್ಲೂಗೇಟ್ ಫೀಲ್ಡ್ಸ್' (1984) ಇನ್ನೂ ಕಹಿ. ಕೊಳೆಗೇರಿಯ ಚರಂಡಿಯಲ್ಲಿ ಹದಿಹರೆಯದ ಶ್ರೀಮಂತ ಹುಡುಗನ ಬೆತ್ತಲೆ ಹೆಣ. ಆದರೆ ಅವನು ಮುಳುಗಿ ಸತ್ತದ್ದು ಚರಂಡಿಯ ನೀರಿನಲ್ಲಲ್ಲ, ಸ್ನಾನದ ನೀರಿನಲ್ಲಿ. ಮನೆಯವರಿಗೆ ಬೇಕಾದದ್ದು ಒಂದೇ: ಬೇಗ ಮುಗಿಯಲಿ. ಮನೆಪಾಠದ ಮೇಷ್ಟರು ಸಿಕ್ಕಿಬೀಳುತ್ತಾನೆ, ಕೋರ್ಟು ನೇಣು ವಿಧಿಸುತ್ತದೆ. ಪಿಟ್‌ಗೆ ಅನುಮಾನ. ಮೇಲಧಿಕಾರಿಗಳಿಗೆ ಅವನ ಅನುಮಾನದ ಮೇಲೇ ಸಿಟ್ಟು.

ಹುಡುಗರ ಮಾರಾಟ, ಹುಡುಗಿಯರ ಮಾರಾಟ ಕಾದಂಬರಿಕಾರರ ಕಲ್ಪನೆಯೇನೂ ಆಗಿರಲಿಲ್ಲ. 1885ರಲ್ಲಿ 'ಪಾಲ್ ಮಾಲ್ ಗೆಜೆಟ್' ಸಂಪಾದಕ ಡಬ್ಲ್ಯು. ಟಿ. ಸ್ಟೆಡ್ ಲಂಡನ್ನಿನಲ್ಲಿ ಹದಿಮೂರರ ಹುಡುಗಿಯೊಬ್ಬಳನ್ನು ಐದು ಪೌಂಡಿಗೆ ಕೊಳ್ಳಬಹುದೆಂದು ತಾನೇ ವ್ಯಾಪಾರ ಮಾಡಿ ತೋರಿಸಿ ಸರಣಿ ಲೇಖನ ಬರೆದ. ಪತ್ರಿಕೆಗಾಗಿ ಜನ ಮುಗಿಬಿದ್ದರು. ಅದೇ ವರ್ಷ ಪಾರ್ಲಿಮೆಂಟು ಸಮ್ಮತಿಯ ವಯಸ್ಸನ್ನು ಹದಿಮೂರರಿಂದ ಹದಿನಾರಕ್ಕೇರಿಸಿತು. ಸ್ಟೆಡ್‌ಗೆ ಸಿಕ್ಕಿದ್ದು ಮೂರು ತಿಂಗಳ ಜೈಲು, ಹುಡುಗಿಯ ತಂದೆಯ ಒಪ್ಪಿಗೆ ಪಡೆಯಲಿಲ್ಲವೆಂದು! ಆರು ವರ್ಷದ ತರುವಾಯ ಅದೇ ರಾಣಿಯ ಸರ್ಕಾರ ಭಾರತದಲ್ಲಿ ಈ ವಯಸ್ಸನ್ನು ಏರಿಸಿತು, ಹತ್ತರಿಂದ ಹನ್ನೆರಡಕ್ಕೆ. ಅಷ್ಟಕ್ಕೇ ಇಲ್ಲಿ ಧರ್ಮ ಹಾಳಾಯಿತೆಂದು ಗಲಾಟೆಯೆದ್ದದ್ದು ಬೇರೆ ಕಥೆ.

ಪೆರಿಯವರ ಎರಡನೆಯ ಮಾಲೆಯ ನಾಯಕ ವಿಲಿಯಂ ಮಾಂಕ್. ಈ ಮಾಲೆಯಲ್ಲೂ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿವೆ. ಪಿಟ್ ಮಾಲೆಗಿಂತ ಇದೇ ಗಟ್ಟಿ ಎನ್ನಬೇಕು. ಇದರ ಕಾಲ ಇನ್ನೂ ಹಿಂದಿನದು, 1856ರಿಂದ ಶುರು. ಕ್ರಿಮಿಯಾ ಯುದ್ಧ ಆಗತಾನೆ ಮುಗಿದಿದೆ. ಮಾಂಕ್‌ನ ಜತೆಗಾತಿ ಹೆಸ್ಟರ್ ಲ್ಯಾಟರ್ಲಿ ಫ್ಲಾರೆನ್ಸ್ ನೈಟಿಂಗೇಲ್ ಜೊತೆ ಯುದ್ಧಭೂಮಿಯಲ್ಲಿ ಶುಶ್ರೂಷೆ ಮಾಡಿ ಬಂದ ನರ್ಸು. ಅಲ್ಲಿ ಸಾಯುವವರ ನಡುವೆ ತಾನೇ ನಿರ್ಧಾರ ತೆಗೆದುಕೊಂಡವಳು. ಲಂಡನ್ನಿನ ಆಸ್ಪತ್ರೆಯಲ್ಲಿ ವೈದ್ಯರ ಅಪ್ಪಣೆಗೆ ಕಾಯದೆ ರೋಗಿಯೊಬ್ಬನಿಗೆ ಔಷಧ ಕೊಟ್ಟಳೆಂದು ಕೆಲಸ ಕಳೆದುಕೊಳ್ಳುತ್ತಾಳೆ. ರೋಗಿ ಬದುಕಿದ್ದು ಲೆಕ್ಕಕ್ಕೆ ಬರುವುದಿಲ್ಲ.

'ಎ ಡೇಂಜರಸ್ ಮೋರ್ನಿಂಗ್' (1991) ಕಾದಂಬರಿಯಲ್ಲಿ ಕುಲೀನ ಮನೆಯ ಮಗಳು ತನ್ನ ಕೋಣೆಯಲ್ಲಿ ಇರಿತದಿಂದ ಸತ್ತಿದ್ದಾಳೆ. ಹೊರಗಿನವರಾರೂ ಬಂದಿಲ್ಲ. ಮನೆಯವರು ಒಟ್ಟಾಗಿ ಒಬ್ಬ ಸೇವಕನತ್ತ ಬೆರಳು ತೋರುತ್ತಾರೆ. ಅವನನ್ನು ಬಂಧಿಸಲಾರೆನೆಂದು ಮಾಂಕ್ ಪೊಲೀಸ್ ಕೆಲಸವನ್ನೇ ಕಳೆದುಕೊಳ್ಳುತ್ತಾನೆ. ಸೇವಕನನ್ನು ನೇಣಿಗೇರಿಸಲಾಗುತ್ತದೆ. ನಿಜ ಹೊರಬರುವುದು ಅದಾದ ಮೇಲೆ. ನಿರಪರಾಧಿ ಕೊನೆಯ ಪುಟದಲ್ಲಿ ಪಾರಾಗುತ್ತಾನೆಂಬ ಪತ್ತೇದಾರಿ ಕಾದಂಬರಿಯ ಹಳೆಯ ಒಪ್ಪಂದವನ್ನು ಇಲ್ಲಿ ಮುರಿಯಲಾಗಿದೆ. ಓದುಗ ಸಿಟ್ಟಾಗುತ್ತಾನೆ, ಆಗಲೇಬೇಕು.

'ಡಿಫೆಂಡ್ ಅಂಡ್ ಬಿಟ್ರೇ' (1992) ಅದರ ಮುಂದಿನದು. ದೊಡ್ಡ ಹೆಸರಿನ ಸೇನಾನಿಯನ್ನು ಕೊಂದದ್ದು ತಾನೇ ಎಂದು ಅವನ ಹೆಂಡತಿ ಒಪ್ಪಿಕೊಳ್ಳುತ್ತಾಳೆ. ಹೊಟ್ಟೆಕಿಚ್ಚಿನಿಂದ ಕೊಂದೆ ಎನ್ನುತ್ತಾಳೆ. ಯಾರೂ ನಂಬುವುದಿಲ್ಲ. ಆದರೆ ನಿಜವಾದ ಕಾರಣ ಹೇಳುವುದಕ್ಕಿಂತ ನೇಣಿಗೆ ಹೋಗಲು ಅವಳು ಸಿದ್ಧ. ಕಾರಣ ಆ ಮನೆಯ ಮಗುವಿಗೆ ಸಂಬಂಧಿಸಿದ್ದು ಎಂಬಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಗಂಡನನ್ನು ಬಿಟ್ಟು ಮಗುವನ್ನೆತ್ತಿಕೊಂಡು ಹೋಗಬಾರದಿತ್ತೆ ಎಂದು ಇಂದಿನವರು ಕೇಳಬಹುದು. ಕಥೆ ನಡೆಯುವ 1857ರಲ್ಲಿ ಮಗು ಕಾನೂನಿನ ಪ್ರಕಾರ ಅಪ್ಪನದು. 1839ರ ಕಾಯಿದೆ ತಾಯಿಗೆ ಕೊಟ್ಟದ್ದು ಏಳು ವರ್ಷದೊಳಗಿನ ಮಕ್ಕಳಿಗಾಗಿ ಅರ್ಜಿ ಹಾಕುವ ಅವಕಾಶವನ್ನಷ್ಟೆ. 1857ರಲ್ಲೇ ಬಂದ ವಿಚ್ಛೇದನ ಕಾಯಿದೆಯಲ್ಲಿ ಗಂಡನಿಗೆ ಹೆಂಡತಿಯ ಹಾದರವೊಂದೇ ಸಾಕು. ಹೆಂಡತಿಗೆ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕು. ಅವಳ ಸೀರು ಒಡವೆ, ಸಂಬಳ ಎಲ್ಲ ಗಂಡನ ಸ್ವತ್ತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1882ರಲ್ಲಿ. ಈ ಕಾನೂನಿನ ಗೋಡೆಗಳನ್ನು ತಿಳಿದುಕೊಂಡರೆ ಮಾತ್ರ ಆ ಹೆಂಗಸು ಕೊಲೆಗಿಳಿದದ್ದು ಅರ್ಥವಾಗುತ್ತದೆ.

ಲೇಖಕಿಯ ದೋಷಗಳನ್ನು ಮುಚ್ಚಿಡಬೇಕಿಲ್ಲ. ಅವರ ಪಾತ್ರಗಳು ಆಗಾಗ ನಿಂತು ಧರ್ಮೋಪದೇಶ ಮಾಡುತ್ತವೆ. ಕೋರ್ಟಿನ ದೃಶ್ಯ ಒಂದು ಬಂತೆಂದರೆ ಐವತ್ತು ಪುಟ ಗ್ಯಾರಂಟಿ. ಮುನ್ನೂರೈವತ್ತು ಪುಟ ನಿಧಾನವಾಗಿ ನಡೆದ ಕಥೆ ಕೊನೆಯ ಮೂರು ಪುಟಗಳಲ್ಲಿ ಓಡಿ ಏದುಸಿರು ಬಿಡುತ್ತದೆ. 'ಎಕ್ಸಿಕ್ಯೂಷನ್ ಡಾಕ್' (2009) ಕಾದಂಬರಿಯಲ್ಲಿ ಥೇಮ್ಸ್ ಮೇಲಿನ ದೋಣಿಯಲ್ಲಿ ಮಕ್ಕಳನ್ನು ಇಟ್ಟು ದಂಧೆ ಮಾಡುವ ದುಷ್ಟನನ್ನು ಪ್ರಾಮಾಣಿಕ ವಕೀಲನೇ ವಾದಿಸಿ ಬಿಡಿಸುತ್ತಾನೆ. ಎಂಥ ಗಟ್ಟಿ ವಸ್ತು! ಅದು ಕೂಡ ಮಾತಿನಲ್ಲಿ ಅಲ್ಲಲ್ಲಿ ಸೋರಿಹೋಗಿದೆ. ಆದರೂ ಜನ ಓದಿದರು. ಪುಸ್ತಕಗಳು ಕೋಟಿಗಟ್ಟಲೆ ಮಾರಾಟವಾದವು.

ಮಾಂಕ್ ಮಾಲೆಯ ಮೊದಲ ಪುಸ್ತಕಕ್ಕೆ ಈಗ ಬರಬೇಕು. 'ದಿ ಫೇಸ್ ಆಫ್ ಎ ಸ್ಟ್ರೇಂಜರ್', 1990. ಗಾಡಿ ಮಗುಚಿ ಪೆಟ್ಟಾದ ಮನುಷ್ಯ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ತನ್ನ ಹೆಸರೂ ನೆನಪಿಲ್ಲ. ಕನ್ನಡಿಯಲ್ಲಿ ಕಂಡ ಮುಖ ಅಪರಿಚಿತನದು. ತಾನೊಬ್ಬ ಪೊಲೀಸ್ ಪತ್ತೇದಾರ ಎಂದು ಬೇರೆಯವರಿಂದ ತಿಳಿಯುತ್ತದೆ. ಮರೆವು ಬಯಲಾದರೆ ನೌಕರಿ ಹೋಗುತ್ತದೆ, ಹೊಟ್ಟೆಗಿಲ್ಲ. ಅದನ್ನು ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಾನೆ. ಮೆಕ್ಲೆನ್‌ಬರ್ಗ್ ಸ್ಕ್ವೇರಿನ ಮನೆಯಲ್ಲಿ ಮಾಜಿ ಸೇನಾಧಿಕಾರಿಯೊಬ್ಬನನ್ನು ಯಾರೋ ಬಡಿದು ಬಡಿದು ಕೊಂದಿದ್ದಾರೆ. ಅದರ ತನಿಖೆ ಇವನಿಗೇ ಬರುತ್ತದೆ. ಒಂದೊಂದೇ ಸುಳಿವು ಹಿಡಿದು ಹೋದಂತೆ ತಾನು ಕೆದಕುತ್ತಿರುವುದು ತನ್ನದೇ ಗತವನ್ನು ಎಂದು ಅನಿಸತೊಡಗುತ್ತದೆ. ಸಿಕ್ಕಿದ ಜನ ಹೇಳುವ ಹಳೆಯ ಮಾಂಕ್ ಒಳ್ಳೆಯ ಮನುಷ್ಯನಲ್ಲ. ಸಾಕ್ಷಿಗಳು ತೋರಿಸುತ್ತಿರುವುದು ತನ್ನ ಕಡೆಗೇ. ಕೊಲೆಗಾರ ತಾನೇ ಆಗಿದ್ದರೆ?

ಕಲ್ಪನೆ ಚೆನ್ನಾಗಿದೆ ಎಂದು ವಿಮರ್ಶಕರು ಬೆನ್ನು ತಟ್ಟಿದರು. ನಾಲ್ಕು ವರ್ಷದ ಮೇಲೆ, 1994ರಲ್ಲಿ, ನ್ಯೂಜಿಲೆಂಡಿನ ಪತ್ರಕರ್ತೆಯೊಬ್ಬರು ಆ್ಯನ್ ಪೆರಿ ಯಾರೆಂದು ಕಂಡುಹಿಡಿದರು.

ಅವರ ಹುಟ್ಟುಹೆಸರು ಜೂಲಿಯೆಟ್ ಹ್ಯೂಮ್. 1938ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು. ತಂದೆ ಹೆನ್ರಿ ಹ್ಯೂಮ್ ಭೌತವಿಜ್ಞಾನಿ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ವಿಶ್ವವಿದ್ಯಾಲಯ ಕಾಲೇಜಿನ ಮುಖ್ಯಸ್ಥರಾಗಿ ಹೋದವರು. ಎದೆರೋಗದ ಹುಡುಗಿ ಜೂಲಿಯೆಟ್‌ಗೆ ಅಲ್ಲಿ ಪೌಲೀನ್ ಪಾರ್ಕರ್ ಎಂಬ ಸಹಪಾಠಿಯ ಸ್ನೇಹವಾಯಿತು. ಇಬ್ಬರೂ ಸೇರಿ ತಮ್ಮದೇ ಒಂದು ರಾಜ್ಯ ಕಟ್ಟಿಕೊಂಡರು, ಅದಕ್ಕೆ ರಾಜರು, ರಾಣಿಯರು, ಕೊಲೆಗಳು. ರಾತ್ರಿಯೆಲ್ಲ ಕಾದಂಬರಿ ಬರೆದರು. ಪುಸ್ತಕ ಪ್ರಕಟಿಸಿ ಹಾಲಿವುಡ್ಡಿಗೆ ಹೋಗುವ ಕನಸು. ಅಷ್ಟರಲ್ಲಿ ಹ್ಯೂಮ್ ದಂಪತಿಯ ಸಂಸಾರ ಒಡೆಯಿತು. ತಾಯಿಗೆ ಬೇರೊಬ್ಬನ ಸಂಬಂಧ. ತಂದೆ ರಾಜೀನಾಮೆ ಕೊಟ್ಟರು. ಮಗಳನ್ನು ದಕ್ಷಿಣ ಆಫ್ರಿಕದಲ್ಲಿದ್ದ ನೆಂಟರ ಬಳಿಗೆ ಕಳಿಸುವುದೆಂದಾಯಿತು. ಪೌಲೀನ್ ತಾನೂ ಹೋಗುತ್ತೇನೆಂದಳು. ಅವಳ ತಾಯಿ ಒಪ್ಪುವುದಿಲ್ಲವೆಂದು ಇಬ್ಬರೂ ತೀರ್ಮಾನಿಸಿಕೊಂಡರು.

1954ರ ಜೂನ್ 22. ಆ ತಾಯಿ ಇಬ್ಬರು ಹುಡುಗಿಯರನ್ನೂ ಊರ ಹೊರಗಿನ ಗುಡ್ಡದ ಮೇಲಿನ ವಿಕ್ಟೋರಿಯಾ ಪಾರ್ಕಿಗೆ ಕರೆದುಕೊಂಡು ಹೋದಳು. ಉದ್ಯಾನದ ಹೆಸರೂ ವಿಕ್ಟೋರಿಯಾ! ಮೂವರೂ ಚಹಾ ಕುಡಿದರು. ಆಮೇಲೆ ಕಾಲುದಾರಿಯಲ್ಲಿ ಇಳಿದರು. ಮೊದಲೇ ದಾರಿಯಲ್ಲಿ ಬೀಳಿಸಿದ್ದ ಗುಲಾಬಿ ಬಣ್ಣದ ಹರಳನ್ನು ನೋಡಲು ಆಕೆ ಬಗ್ಗಿದಾಗ, ಕಾಲುಚೀಲದೊಳಗೆ ಹಾಕಿಕೊಂಡು ತಂದಿದ್ದ ಅರ್ಧ ಇಟ್ಟಿಗೆಯಿಂದ ಹೊಡೆದರು. ಒಂದೇ ಏಟಿಗೆ ಮುಗಿಯುತ್ತದೆಂದು ಅವರು ಎಣಿಸಿದ್ದಿರಬಹುದು. ಇಪ್ಪತ್ತಕ್ಕೂ ಹೆಚ್ಚು ಏಟು ಬೇಕಾದವು. ಓಡಿ ಬಂದು ತಾಯಿ ಜಾರಿಬಿದ್ದಳೆಂದು ಹೇಳಿದರು. ಪೌಲೀನಳ ದಿನಚರಿ ಪುಸ್ತಕ ಪೊಲೀಸರಿಗೆ ಸಿಕ್ಕಿತು, ಅದರಲ್ಲಿ ಸಂಚಿನ ವಿವರವೆಲ್ಲ ಇತ್ತು.

ಪೌಲೀನಳಿಗೆ ಹದಿನಾರು, ಜೂಲಿಯೆಟ್‌ಗೆ ಹದಿನೈದು. ಹುಚ್ಚಿನ ವಾದವನ್ನು ಕೋರ್ಟು ಒಪ್ಪಲಿಲ್ಲ. ಎಳೆಯ ವಯಸ್ಸಾದ್ದರಿಂದ ನೇಣಿಲ್ಲ, ಅನಿರ್ದಿಷ್ಟ ಕಾಲದ ಸೆರೆ. ಐದು ವರ್ಷದ ನಂತರ ಇಬ್ಬರನ್ನೂ ಬಿಡುಗಡೆ ಮಾಡಲಾಯಿತು. ಜೂಲಿಯೆಟ್ ಮಲತಂದೆಯ ಮನೆತನದ ಹೆಸರು ತೆಗೆದುಕೊಂಡಳು. ವಿಮಾನದಲ್ಲಿ ಪರಿಚಾರಿಕೆಯ ಕೆಲಸ, ಅಮೆರಿಕದಲ್ಲಿ ಕೆಲ ವರ್ಷ, ಮಾರ್ಮನ್ ಪಂಥಕ್ಕೆ ಸೇರ್ಪಡೆ, ಕೊನೆಗೆ ಸ್ಕಾಟ್ಲೆಂಡಿನ ಕಡಲ ದಂಡೆಯ ಪೋರ್ಟ್‌ಮಹೋಮ್ಯಾಕ್ ಎಂಬ ಪುಟ್ಟ ಊರು. ಅಲ್ಲಿ ಕೂತು ಬರೆದರು. ಯಾರಿಗೂ ಏನೂ ಗೊತ್ತಿರಲಿಲ್ಲ. 1994ರಲ್ಲಿ ಪೀಟರ್ ಜಾಕ್ಸನ್ ಆ ಕೊಲೆಯನ್ನು ಕುರಿತು 'ಹೆವನ್ಲಿ ಕ್ರೀಚರ್ಸ್' ಚಿತ್ರ ತೆಗೆದಾಗ ಹಳೆಯ ಸುದ್ದಿ ಎದ್ದಿತು. ಜೂಲಿಯೆಟ್ ಪಾತ್ರದಲ್ಲಿ ಹೊಸ ಹುಡುಗಿ, ಮುಂದೆ 'ಟೈಟಾನಿಕ್' ನಾಯಕಿಯಾದ ಕೇಟ್ ವಿನ್‌ಸ್ಲೆಟ್.

ಕಾನ್‌ಸ್ಟನ್ಸ್ ಕೆಂಟಳ ಕಥೆಯನ್ನು ಇಲ್ಲಿ ನೆನೆಯದಿರಲಾಗದು. ಸೆರೆಯಿಂದ ಬಂದ ಅವಳೂ ಹೆಸರು ಬದಲಿಸಿದಳು, ಕಡಲು ದಾಟಿ ಆಸ್ಟ್ರೇಲಿಯಕ್ಕೆ ಹೋದಳು, ರೂತ್ ಕೇ ಎಂಬ ಹೆಸರಿನಲ್ಲಿ ನರ್ಸಾದಳು, ನರ್ಸುಗಳ ಮನೆಯೊಂದರ ಮೇಲ್ವಿಚಾರಕಿಯಾದಳು. ಸತ್ತದ್ದು 1944ರಲ್ಲಿ, ನೂರು ವರ್ಷ ತುಂಬಿದ ಮೇಲೆ. ಬದುಕಿರುವವರೆಗೆ ಅವಳ ಗುಟ್ಟು ಉಳಿಯಿತು. ಪೆರಿಯವರದು ಉಳಿಯಲಿಲ್ಲ. ಶಿಕ್ಷೆ ಮುಗಿಸಿ ಮೂವತ್ತೈದು ವರ್ಷ ಕಳೆದವಳನ್ನು ಮತ್ತೆ ಎಳೆದು ತರಬಾರದಿತ್ತು ಎಂದವರುಂಟು. ಕೊಲೆಯ ಕಥೆ ಮಾರಿ ಬದುಕುವವರ ಬಗ್ಗೆ ಇಷ್ಟು ತಿಳಿಯುವ ಹಕ್ಕು ಓದುಗನಿಗಿದೆ ಎಂದವರೂ ಉಂಟು. ಊರಿನವರು ಮಾತ್ರ ಆಕೆಯನ್ನು ಬಿಟ್ಟುಕೊಡಲಿಲ್ಲ. ಬರವಣಿಗೆಯೂ ನಿಲ್ಲಲಿಲ್ಲ. ಸ್ನೇಹಿತೆ ಪ್ರಾಣ ಕಳೆದುಕೊಂಡಾಳೆಂಬ ಭಯದಿಂದ ಜತೆಗೂಡಿದೆ, ಸೆರೆಮನೆಯಲ್ಲೇ ಪಶ್ಚಾತ್ತಾಪಪಟ್ಟೆ ಎಂದು ಸಂದರ್ಶನಗಳಲ್ಲಿ ಹೇಳಿದರು. 2017ರಲ್ಲಿ, ತಮ್ಮ ಪುಸ್ತಕಗಳು ಸಿನಿಮಾ ಆಗಲೆಂದು, ಹಾಲಿವುಡ್ಡಿಗೆ ಹೋಗಿ ನೆಲೆಸಿದರು. 2023ರ ಏಪ್ರಿಲ್ 10ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡರು.

ಗೊತ್ತಾದ ಮೇಲೆ ಆ ಪುಸ್ತಕಗಳನ್ನು ಮೊದಲಿನಂತೆ ಓದಲು ಸಾಧ್ಯವಿಲ್ಲ. ಮಾಂಕ್‌ನ ಭಯ ಈಗ ಇನ್ನೊಂದೇ ದನಿಯಲ್ಲಿ ಕೇಳಿಸುತ್ತದೆ. ಕೊಲೆಗಾರರ ಬಗ್ಗೆ ಈ ಲೇಖಕಿಗೆ ಇಷ್ಟೊಂದು ಕರುಣೆ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ. ಒಂದು ವಿಷಯ ಮಾತ್ರ ಚುಚ್ಚುತ್ತದೆ. ಪೆರಿಯವರ ಎಷ್ಟೋ ಕಾದಂಬರಿಗಳಲ್ಲಿ ಕೊನೆಗೆ ಬಯಲಾಗುವುದು ಸತ್ತವನ ಪಾಪ. ಕೊಂದವಳಿಗೆ ಬೇರೆ ದಾರಿಯೇ ಇರಲಿಲ್ಲವೆಂದು ಓದುಗ ಒಪ್ಪಿಕೊಂಡು ಪುಸ್ತಕ ಮುಚ್ಚುತ್ತಾನೆ. ವಿಕ್ಟೋರಿಯಾ ಪಾರ್ಕಿನಲ್ಲಿ ಸತ್ತ ಹೆಂಗಸು ಅಂಥವಳಾಗಿರಲಿಲ್ಲ. ಹೆಸರು ಆನೋರಾ. ಮೀನಿನ ಅಂಗಡಿ ನೋಡಿಕೊಳ್ಳುತ್ತಿದ್ದ ಹರ್ಬರ್ಟ್ ರೀಪರನ ಮನೆಯಾಕೆ. ಮನೆಯಲ್ಲಿ ಬಾಡಿಗೆಯವರನ್ನಿಟ್ಟುಕೊಂಡು ಸಂಸಾರ ತೂಗಿಸುತ್ತಿದ್ದವಳು.

ಕೊಲೆಯ ತನಿಖೆ ಅವಳ ಗುಟ್ಟನ್ನೂ ಹೊರಗೆಳೆಯಿತು. ಎರಡು ದಶಕ ಜೊತೆಗಿದ್ದರೂ ಹರ್ಬರ್ಟನಿಗೂ ಅವಳಿಗೂ ಮದುವೆಯಾಗಿರಲಿಲ್ಲ. ಅವನಿಗೆ ಹಿಂದೆಯೇ ಬೇರೊಬ್ಬ ಹೆಂಡತಿಯಿದ್ದಳು. ಶಾಲೆಯಲ್ಲಿ ಪೌಲೀನ್ ರೀಪರ್ ಆಗಿದ್ದ ಹುಡುಗಿ ಕೋರ್ಟಿನಲ್ಲಿ ಪೌಲೀನ್ ಪಾರ್ಕರ್ ಆದದ್ದು ಹಾಗೆ. ಬೀದಿಯವರೆಲ್ಲ ಶ್ರೀಮತಿ ರೀಪರ್ ಎಂದು ಕರೆಯುತ್ತಿದ್ದ ಹೆಂಗಸಿನ ಹೆಸರು ಆರೋಪಪಟ್ಟಿಯಲ್ಲಿ ಆನೋರಾ ಪಾರ್ಕರ್ ಎಂದಿದೆ.